ಕೆರೆಯೊಳಗಿನ ಕಂಟಿ: ಮೀನಿಗೆ ಆಸರೆಯೋ, ಬಲೆಯೋ?

ಬೇಸಿಗೆ ಬಲಿತಂತೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಅನೇಕ ಕೆರೆಗಳ ಅಂಗಳ ಬಯಲಾಗುತ್ತದೆ. ಹೂಳೆತ್ತುವ ಯಂತ್ರಗಳು ಓಡಾಡಿದ ಕೆರೆಯಾದರೆ ತೂಬಿನಿಂದ ಹಿನ್ನೀರಿನ ಅಂಚಿನವರೆಗೆ ಒಂದು ಕೊರಡು, ಒಂದು ಬುಡ್ಡೆ, ಒಂದು ಪೊದೆ ಕೂಡ ಉಳಿದಿರುವುದಿಲ್ಲ. ಮಳೆ ಬಂದು ಕೆರೆ ತುಂಬಿದ ಮೇಲೆ ಅದೇ ಬೋಳು ನೆಲದ ಮೇಲೆ ನೀರು ನಿಲ್ಲುತ್ತದೆ. ಬೆರಳುದ್ದದ ಮೀನುಮರಿಗಳನ್ನು ತಂದು ಆ ನೀರಿಗೆ ಬಿಡುತ್ತೇವೆ. ಅಡಗಲು ಜಾಗವಿಲ್ಲದ ಆ ಮರಿಗಳ ಮೇಲೆ ನೀರುಕಾಗೆ ಮುಗಿಬೀಳುತ್ತದೆ, ಕೊರವ ಮೀನು ಹೊಂಚು ಹಾಕುತ್ತದೆ. ಬಿಟ್ಟ ಮರಿಗಳಲ್ಲಿ ಎಷ್ಟು ಬದುಕಿದವು ಎಂಬುದು ಬಲೆ ಎಳೆಯುವ ದಿನವೇ ಗೊತ್ತಾಗುತ್ತದೆ.

ಕೆರೆಯ ತಳದಲ್ಲಿ ಟೊಂಗೆ, ಕಂಟಿ, ಬಿದಿರು ಹುಗಿದು ಮೀನಿಗೆ ಮರೆ ಮಾಡಿಕೊಡುವ ವಿಧಾನ ಜಗತ್ತಿನ ಹಲವು ಕಡೆ ಹಳೆಯದು. ಅದು ನಮ್ಮ ಈ ನಾಲ್ಕು ತಾಲ್ಲೂಕುಗಳ ಕೆರೆಗಳಿಗೆ ಒಗ್ಗುತ್ತದೆಯೇ? ಒಗ್ಗುವುದಾದರೆ ಯಾವ ಕಟ್ಟಿಗೆ ಬೇಕು, ಹೇಗೆ ಕಟ್ಟಬೇಕು, ಯಾವುದರಿಂದ ಬಿಗಿಯಬೇಕು, ಎಲ್ಲಿ ಇಡಲೇಬಾರದು? ಇವೆಲ್ಲಕ್ಕಿಂತ ದೊಡ್ಡದೊಂದು ಪ್ರಶ್ನೆ ಇದೆ. ಕಂಟಿಯ ಸುತ್ತ ಸೇರಿದ ಮೀನು ಯಾರದು, ಅದನ್ನು ಹಿಡಿಯುವುದು ಯಾವಾಗ? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಟಿಯಿಂದ ಲಾಭವಿದೆ. ಆದರೆ ಬಲೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲ ಊರಿಗೆ, ಸಂಘಕ್ಕೆ ಮಾತ್ರ ಆ ಲಾಭ ದಕ್ಕುತ್ತದೆ. ಹಿಡಿತವಿಲ್ಲದ ಕಡೆ ಅದೇ ಕಂಟಿ ಕೆರೆಯ ಮೀನನ್ನು ಒಂದೇ ಕಡೆ ಗುಡ್ಡೆ ಹಾಕಿ ಬರಿದು ಮಾಡುವ ಸಾಧನವಾಗುತ್ತದೆ.

ನಾಲ್ಕು ತಾಲ್ಲೂಕು, ಬೇರೆ ಬೇರೆ ನೀರು

1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಈ ಭಾಗವನ್ನು ಒಂದೇ ಸೀಮೆ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹಾನಗಲ್ಲ ಅರೆಮಲೆನಾಡು. ಅಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆ ಇದೆ, ಮಾವಿನ ತೋಟ ಇದೆ, ಪಶ್ಚಿಮದ ಅಂಚಿನಲ್ಲಿ ಕಾಡು ಮತ್ತು ಬಿದಿರು ಇವೆ. ಪಟ್ಟಣದ ಆನೆಕೆರೆಯಿಂದ ಹಿಡಿದು ಧರ್ಮಾ ಕಾಲುವೆಯ ನೀರು ಕಾಣುವ ಹಳ್ಳಿಗಳ ಕೆರೆಗಳವರೆಗೆ ಇಲ್ಲಿ ನೀರು ಹೆಚ್ಚು ತಿಂಗಳು ನಿಲ್ಲುತ್ತದೆ. ಸವಣೂರು ಇದಕ್ಕೆ ಎದುರು. ಅದು ಎರೆ ಭೂಮಿಯ, ಕಡಿಮೆ ಮಳೆಯ ಬಯಲು. ನವಾಬರ ಕಾಲದ ಮೋತಿ ತಲಾಬ್ ಇರುವ ಈ ಊರಿನ ಸುತ್ತಲಿನ ಕೆರೆಗಳಲ್ಲಿ ಮಳೆಗಾಲದ ನೀರು ಕೆಂಪುಗಪ್ಪಾಗಿ, ಬಹಳ ದಿನ ಕದಡಿಕೊಂಡೇ ಇರುತ್ತದೆ.

ಶಿಗ್ಗಾವಿಯಲ್ಲಿ ಎರಡೂ ಬಗೆಯ ಮಣ್ಣಿದೆ. ನಾಗನೂರು ಕೆರೆಯಂಥ ದೊಡ್ಡ ನೀರೂ ಇದೆ, ಬೇಸಿಗೆಗೆ ಮೊದಲೇ ಒಣಗುವ ಊರಗೆರೆಗಳೂ ಇವೆ. ಹಿರೇಕೆರೂರಿನಲ್ಲಿ ಪಟ್ಟಣದ ಮಗ್ಗುಲಲ್ಲೇ ದುರ್ಗಾದೇವಿ ಕೆರೆ ಇದೆ. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದ ಮಾಸೂರಿನ ಸೀಮೆಯಲ್ಲಿ, ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆ ಇದೆ. ವಿಜಯನಗರದ ಕಾಲದ್ದೆಂದು ಹೆಸರಾದ ಆ ಕೆರೆಗೆ ಹೊಳೆಯ ನೀರೇ ನೇರವಾಗಿ ಬರುವುದರಿಂದ ಅಲ್ಲಿನ ಮೀನಿನ ಬದುಕು ಮಳೆನೀರಿನ ಕೆರೆಯ ಮೀನಿನ ಬದುಕಿಗಿಂತ ಬೇರೆ.

ಈ ವ್ಯತ್ಯಾಸವೇ ಕಂಟಿಯ ಪ್ರಶ್ನೆಯ ಬುಡ. ಆರೇಳು ತಿಂಗಳು ಮಾತ್ರ ನೀರಿರುವ ಕೆರೆಗೆ ಬೇಕಾದದ್ದು ಬೇರೆ, ವರ್ಷವಿಡೀ ನಿಲ್ಲುವ ಕೆರೆಗೆ ಬೇಕಾದದ್ದು ಬೇರೆ. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ಹಾನಗಲ್ಲ, ಸವಣೂರು ಭಾಗದ ಹಳ್ಳಿಗಳಿಗೆ ನೀರು ನುಗ್ಗಿತ್ತು. 2023ರಲ್ಲಿ ಬರ ಬಂದು ಕೆರೆಗಳು ಬತ್ತಿದವು. ನಾಲ್ಕೇ ವರ್ಷದ ಅಂತರದಲ್ಲಿ ಈ ಎರಡನ್ನೂ ಕಂಡ ಸೀಮೆಯಲ್ಲಿ ಏನು ಕಟ್ಟಿದರೂ ಅದು ನೆರೆಯ ಸೆಳೆತಕ್ಕೂ ನಿಲ್ಲಬೇಕು, ಒಣಗಿದ ಅಂಗಳದಲ್ಲಿ ದನಕರುಗಳ ಕಾಲಿಗೂ ತೊಡಕಾಗಬಾರದು.

ಮೀನು ಕಂಟಿಗೆ ಏಕೆ ಬರುತ್ತದೆ

ಮೀನು ಕಂಟಿಯ ಹತ್ತಿರ ಸೇರುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಮರೆ. ಟೊಂಗೆಗಳ ಸಂದಿಯಲ್ಲಿ ನುಸುಳಬಲ್ಲ ಮರಿಯನ್ನು ನೀರುಕಾಗೆ ಬೆನ್ನಟ್ಟಿ ಹಿಡಿಯುವುದು ಕಷ್ಟ. ಮರಿಗಳು ಬೆರಳುದ್ದ ಇರುವಾಗ, ಅಂದರೆ ಬಿಟ್ಟ ಮೊದಲ ಎರಡು ತಿಂಗಳು, ಈ ಮರೆಗೆ ಬೆಲೆ ಹೆಚ್ಚು. ಹೆಚ್ಚು ನೀರಿನಲ್ಲಿ ನಾಲ್ಕು ಅಂಗುಲದಷ್ಟು ಬೆಳೆದ ಮರಿಗಳನ್ನೇ ಬಿಡಬೇಕೆಂದು ತಜ್ಞರು ಹೇಳುವುದೂ ಇದೇ ಕಾರಣಕ್ಕೆ. ಚಿಕ್ಕ ಮರಿ ಬಿಟ್ಟರೆ ಅದು ಬೇಟೆಗಾರ ಮೀನಿಗೆ ಆಹಾರವಾಗುತ್ತದೆ.

ಎರಡನೆಯದು ಊಟ. ನೀರಿನಲ್ಲಿ ಮುಳುಗಿದ ಯಾವುದೇ ಕಡ್ಡಿಯ ಮೇಲೆ ಕೆಲವು ವಾರಗಳಲ್ಲಿ ಜಾರುವ ಲೋಳೆಯ ಪದರ ಕಟ್ಟುತ್ತದೆ. ಅದರಲ್ಲಿ ಪಾಚಿ, ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದ ಪ್ರಾಣಿಗಳು, ಹುಳುಗಳ ಮರಿಗಳು ಇರುತ್ತವೆ. ವಿಜ್ಞಾನಿಗಳು ಇದನ್ನು ಪೆರಿಫೈಟಾನ್ ಎನ್ನುತ್ತಾರೆ. ನಮ್ಮ ಕೆರೆಗಳಿಗೆ ಬಿಡುವ ನಾಲ್ಕು ಮುಖ್ಯ ಗೆಂಡೆಗಳಲ್ಲಿ ಕಟ್ಲಾ ಮೇಲ್ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನಲ್ಲಿದ್ದುಕೊಂಡು ಹೀಗೆ ಅಂಟಿದ ಪಾಚಿಯನ್ನು ಮೇಯಬಲ್ಲದು. ಮೃಗಾಲ್ ತಳದ ಕೊಳೆತ ಪದಾರ್ಥವನ್ನು ಹೆಕ್ಕುತ್ತದೆ, ಸಾಮಾನ್ಯ ಗೆಂಡೆ ಕೆಸರನ್ನು ಅಗೆದು ತಿನ್ನುತ್ತದೆ. ಆದ್ದರಿಂದ ಕಂಟಿಯ ಮೇವಿನ ಲಾಭ ಹೆಚ್ಚಾಗಿ ಸಿಗುವುದು ರೋಹುವಿಗೆ. ಕಟ್ಲಾವನ್ನೇ ನೆಚ್ಚಿಕೊಂಡ ಕೆರೆಯಲ್ಲಿ ಅಷ್ಟು ಫಲವನ್ನು ನಿರೀಕ್ಷಿಸಬಾರದು.

ಮೂರನೆಯದು ಸಂತಾನ. ಕಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ, ಅವಕ್ಕೆ ಮಳೆಗಾಲದ ಹೊಳೆಯ ಹರಿವು ಬೇಕು. 1957ರ ಜುಲೈ 10ರಂದು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಹಾರ್ಮೋನಿನ ಚುಚ್ಚುಮದ್ದಿನಿಂದ ಗೆಂಡೆಗಳಲ್ಲಿ ಮೊಟ್ಟೆ ಇಡಿಸಿದ ಮೇಲೆಯೇ ದೇಶದ ಕೆರೆಗಳಿಗೆ ಮರಿ ಸರಬರಾಜಿನ ದಾರಿ ತೆರೆಯಿತು. ಸಾಮಾನ್ಯ ಗೆಂಡೆಯ ರೀತಿ ಬೇರೆ. ಅದು ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಅದರ ಮೊಟ್ಟೆಗಳಿಗೆ ಅಂಟುಗುಣ ಇದೆ, ಜೊಂಡಿಗೆ, ಕಡ್ಡಿಗೆ, ಬೇರಿಗೆ ಅವು ಕಚ್ಚಿಕೊಳ್ಳುತ್ತವೆ. ಇಂಡೋನೇಷ್ಯಾದ ರೈತರು ತಾಳೆಜಾತಿಯ ಮರದ ನಾರನ್ನು ಬಿದಿರಿನ ಚೌಕಟ್ಟಿಗೆ ಕಟ್ಟಿ, ‘ಕಾಕಬಾನ್’ ಎಂಬ ಚಾಪೆ ಮಾಡಿ ಈ ಮೊಟ್ಟೆಗಳನ್ನು ಸಂಗ್ರಹಿಸುವ ವಿಧಾನವನ್ನು ಬಹು ಹಿಂದೆಯೇ ರೂಢಿಸಿಕೊಂಡಿದ್ದಾರೆ. ಬೋಳು ಕೆರೆಯಲ್ಲಿ ಕೆಸರಿಗೆ ಬಿದ್ದು ಕೊಳೆಯುವ ಮೊಟ್ಟೆಗೆ ಕಂಟಿಯೊಂದು ಸಿಕ್ಕರೆ ಅದು ಮರಿಯಾಗುವ ಸಂಭವ ಹೆಚ್ಚು.

ಈ ಮೂರೂ ಕಾರಣಗಳ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮರಿಗೆ ಮರೆಯಾಗುವ ಕಂಟಿ ಕೊರವನಿಗೆ ಹೊಂಚುವ ತಾಣವೂ ಆಗುತ್ತದೆ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ, ಅಂದರೆ ನಮ್ಮ ಜನ ಜಿಲೇಬಿ ಎನ್ನುವ ಮೀನು, ಮೇವು ಮತ್ತು ಮರೆ ಸಿಕ್ಕಲ್ಲಿ ಬೇಗ ಬೇಗ ಮರಿ ಹಾಕಿ ಕೆರೆಯನ್ನೇ ತುಂಬಿಕೊಳ್ಳುತ್ತದೆ. ಕಂಟಿ ಯಾರಿಗೂ ಭೇದ ಎಣಿಸುವುದಿಲ್ಲ. ಕೆರೆಯಲ್ಲಿ ಯಾವ ಮೀನಿದೆಯೋ ಅದಕ್ಕೇ ಅದು ಮನೆ. ಹಾಗಾಗಿ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗುಂಡಿಗಳಲ್ಲಿ ಉಳಿದ ಬೇಟೆಗಾರ ಮೀನುಗಳನ್ನು ಹಿಡಿದು ತೆಗೆದ ಮೇಲೆ ಕಂಟಿ ಹಾಕುವುದೇ ಸರಿಯಾದ ಕ್ರಮ.

ಹೊರಗಿನವರು ಕಲಿತ ಪಾಠ

ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಹಿನ್ನೀರಿನಲ್ಲಿ ‘ಅಕಾಜಾ’ ಎಂಬ ಪದ್ಧತಿ ಇದೆ. ಆಳವಿಲ್ಲದ ನೀರಿನ ತಳಕ್ಕೆ ಸಾವಿರಾರು ಟೊಂಗೆಗಳನ್ನು ಒತ್ತಾಗಿ ಚುಚ್ಚಿ, ತಿಂಗಳುಗಟ್ಟಲೆ ಬಿಟ್ಟು, ಸುತ್ತ ಬಲೆ ಕಟ್ಟಿ ಮೀನು ತೆಗೆಯುತ್ತಾರೆ. ಆರ್. ಎಲ್. ವೆಲ್ಕಮ್ 1972ರಲ್ಲಿ ಈ ಪದ್ಧತಿಯನ್ನು ಅಳೆದು ಬರೆದ ಲೇಖನದಿಂದ ಇದು ಮೀನುಗಾರಿಕೆಯ ಜಗತ್ತಿಗೆಲ್ಲ ಪರಿಚಯವಾಯಿತು. ಹೆಕ್ಟೇರಿಗೆ ಹಲವು ಟನ್ ಮೀನು ಸಿಗುತ್ತದೆ ಎಂಬುದು ನಿಜ. ಅದರ ಜೊತೆಗೇ ಕಾಡಿನ ಟೊಂಗೆಗಳು ಖಾಲಿಯಾದವು, ಹಿನ್ನೀರಿನಲ್ಲಿ ಹೂಳು ಹೆಚ್ಚಿತು, ಅಕಾಜಾ ಇದ್ದವರಿಗೂ ಇಲ್ಲದ ಬಲೆಗಾರರಿಗೂ ಜಗಳ ಹತ್ತಿತು.

ಬಾಂಗ್ಲಾದೇಶದ ‘ಕಾಠಾ’ ಇದರ ಹತ್ತಿರದ ನೆಂಟ. ಹಿಜಲ್‌ನಂಥ ಮರಗಳ ಟೊಂಗೆಗಳನ್ನು ನದಿಗಳಲ್ಲಿ ಮತ್ತು ‘ಬಿಲ್’ ಎಂಬ ತಗ್ಗುನೀರಿನ ಕೆರೆಗಳಲ್ಲಿ ಹುಗಿದು, ಮೇಲೆ ಅಂತರಗಂಗೆಯನ್ನು ಹರಡಿ, ನೀರು ಇಳಿಯುವ ಚಳಿಗಾಲದಲ್ಲಿ ಸುತ್ತುಬಲೆ ಹಾಕುತ್ತಾರೆ. ಅಸ್ಸಾಮಿನಲ್ಲಿ ಇದಕ್ಕೆ ‘ಜೆಂಗ್’ ಎಂಬ ಹೆಸರಿದೆ. ಶ್ರೀಲಂಕಾದ ನೆಗೊಂಬೊ ಹಿನ್ನೀರಿನಲ್ಲಿ ಕಾಂಡ್ಲಾ ಗಿಡದ ಟೊಂಗೆಗಳನ್ನು ಬಳಸುತ್ತಾರೆ. ಕೇರಳದ ಅಷ್ಟಮುಡಿ, ವೇಂಬನಾಡುಗಳಲ್ಲಿ ‘ಪಡಲ್’ ಇದೆ. ಅಲ್ಲಿ ಮರಿ, ಬಲಿತದ್ದು ಎನ್ನದೆ ಎಲ್ಲವನ್ನೂ ಬಾಚುವುದರಿಂದ ಅದರ ವಿರುದ್ಧ ದೂರುಗಳೂ ಇವೆ. ಅಮೆರಿಕದ ಜಲಾಶಯಗಳಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಉಳಿದ ಮರಗಳಿಗೆ ಸಿಮೆಂಟ್ ಇಟ್ಟಿಗೆ ಕಟ್ಟಿ ಮುಳುಗಿಸುವ ರೂಢಿ ಬೆಳೆದಿದೆ. ಅಣೆಕಟ್ಟು ಹಳತಾದಂತೆ ಮುಳುಗಿದ ಕಾಡಿನ ಮರಗಳು ಕೊಳೆತು ಮಾಯವಾಗುತ್ತವೆ, ಆ ಕೊರತೆ ತುಂಬುವುದು ಅವರ ಉದ್ದೇಶ.

ಇಷ್ಟು ಕಡೆಯ ಅನುಭವ ಒಂದೇ ಮಾತನ್ನು ಹೇಳುತ್ತದೆ. ಕಂಟಿಗೆ ಮೀನು ಬರುತ್ತದೆಯೇ ಎಂಬ ಬಗ್ಗೆ ಎಲ್ಲಿಯೂ ಅನುಮಾನವಿಲ್ಲ. ಜಗಳ, ನಷ್ಟ ಹುಟ್ಟಿದ್ದೆಲ್ಲ ಬಂದ ಮೀನನ್ನು ಹೇಗೆ, ಎಷ್ಟು, ಯಾರು ತೆಗೆಯಬೇಕು ಎಂಬಲ್ಲಿ.

ಮಂಗಳೂರಿನ ಪ್ರಯೋಗ, ಕರಾವಳಿಯ ಎಚ್ಚರಿಕೆ

ಕರ್ನಾಟಕದ ಮಟ್ಟಿಗೆ ಇದರ ವಿಜ್ಞಾನಕ್ಕೆ ಗಟ್ಟಿ ನೆಲೆ ಒದಗಿಸಿದ್ದು 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು. ಕೆ. ಎಂ. ಶಂಕರ್ ಮತ್ತು ಸಂಗಡಿಗರು ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿಸಿದ ಅಂತರಗಂಗೆ ಇವನ್ನು ಕೊಳಗಳಲ್ಲಿ ಇಳಿಬಿಟ್ಟು, ಅವುಗಳ ಮೇಲೆ ಕಟ್ಟುವ ಲೋಳೆಪದರದಿಂದ ರೋಹು ಮತ್ತು ಸಾಮಾನ್ಯ ಗೆಂಡೆ ಎಷ್ಟು ಬೆಳೆಯುತ್ತವೆ ಎಂದು ನೋಡಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಬ್ಬಿನ ಸಿಪ್ಪೆ ಮುಂದೆ ಬಂತು. ಪಿ. ಕೇಶವನಾಥ್ ಮತ್ತು ಅವರ ಜೊತೆಗಾರರು ಬಿದಿರು, ಪ್ಲಾಸ್ಟಿಕ್ ಕೊಳವೆ, ಕಬ್ಬಿನ ಸಿಪ್ಪೆಗಳನ್ನು ಹೋಲಿಸಿ ಇದೇ ಜಾಡಿನಲ್ಲಿ ಮುಂದೆ ಹೋದರು. ಹೊರಗಿನಿಂದ ಮೇವು ತರಲಾಗದ ಬಡ ರೈತ ತನ್ನ ಹೊಲದ ಕಸದಿಂದಲೇ ಮೀನಿಗೆ ಮೇವು ಬೆಳೆಸಬಹುದು ಎಂಬುದು ಈ ಪ್ರಯೋಗಗಳ ತಿರುಳು.

ಆದರೆ ಕಾಲೇಜಿನ ಕೊಳಕ್ಕೂ ಸವಣೂರಿನ ಕೆರೆಗೂ ಅಂತರವಿದೆ. ಪಾಚಿ ಬೆಳೆಯಲು ಬೆಳಕು ಬೇಕು. ಎರೆಮಣ್ಣು ಕದಡಿದ ನೀರಿನಲ್ಲಿ ಬೆಳಕು ಮೊಳದಾಳಕ್ಕೂ ಇಳಿಯದಿರಬಹುದು. ಇದನ್ನು ತಿಳಿಯಲು ದುಬಾರಿ ಉಪಕರಣ ಬೇಡ. ಕಪ್ಪು-ಬಿಳಿ ಬಣ್ಣ ಬಳಿದ 20 ಸೆಂಟಿಮೀಟರ್ ಅಗಲದ ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಅಳೆದರೆ ಸಾಕು. ಹೆಚ್ಚುಕಡಿಮೆ ಅದರ ಎರಡರಷ್ಟು ಆಳದವರೆಗೆ ಪಾಚಿ ಬೆಳೆಯುವಷ್ಟು ಬೆಳಕಿರುತ್ತದೆ. ಅದಕ್ಕಿಂತ ಕೆಳಗಿನ ಕಂಟಿ ಮರೆಯಾದೀತು, ಮೇವಾಗದು. ಹಾನಗಲ್ಲಿನ ತಿಳಿನೀರಿನ ಕೆರೆಯಲ್ಲಿ ಎರಡೂ ಲಾಭ ಸಿಗಬಹುದು. ಸವಣೂರಿನ ಕದಡುನೀರಿನಲ್ಲಿ ಮರೆಯ ಲಾಭವನ್ನಷ್ಟೇ ನೆಚ್ಚಿ ಲೆಕ್ಕ ಹಾಕುವುದು ಕ್ಷೇಮ.

ಎಚ್ಚರಿಕೆಯ ಪಾಠ ನಮ್ಮ ಕರಾವಳಿಯಲ್ಲೇ ಇದೆ. ಕಪ್ಪೆ ಬೊಂಡಾಸ ಹಿಡಿಯಲು ತೆಂಗಿನ ಹೊಂಬಾಳೆ, ಗರಿಗಳನ್ನು ಕಂತೆ ಕಟ್ಟಿ, ಮರಳುಚೀಲದ ಭಾರದಿಂದ ಕಡಲಿಗೆ ಇಳಿಬಿಡುವ ಪದ್ಧತಿ ಕರ್ನಾಟಕದ ಕಡಲಿನಲ್ಲಿ ಹಬ್ಬಿತು. ಬೊಂಡಾಸ ಆ ಕಂತೆಗೆ ಬರುವುದು ಮೊಟ್ಟೆ ಅಂಟಿಸಲು. ಹಾಗೆ ಬಂದ ತಾಯಿಯನ್ನೇ ಗಾಳಕ್ಕೆ ಹಿಡಿದರೆ ಮುಂದಿನ ಪೀಳಿಗೆಗೆ ಕುತ್ತು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದ ವಿಜ್ಞಾನಿಗಳು ಈ ಬಗ್ಗೆ ಬರೆದಿದ್ದಾರೆ. ಮರಳುಚೀಲಗಳಿಗೆ ಬಲೆ ಸಿಕ್ಕಿ ಹರಿದ ಸ್ಥಳೀಯ ಮೀನುಗಾರರೂ ಇದನ್ನು ಬಲವಾಗಿ ವಿರೋಧಿಸಿದ್ದಾರೆ. ಮೊಟ್ಟೆಯಿಡಲು ಬಂದವರಿಗೆ ಹಾಕಿದ ಆಸರೆಯಲ್ಲೇ ಬೇಟೆಯಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಯಾವ ಕಟ್ಟಿಗೆ

ಈ ನಾಲ್ಕು ತಾಲ್ಲೂಕುಗಳಲ್ಲಿ ಕಟ್ಟಿಗೆಗೆ ಕಾಡು ಕಡಿಯಬೇಕಾಗಿಲ್ಲ, ಕಡಿಯಲೂಬಾರದು. ಹಾನಗಲ್ಲಿನ ಮಾವಿನ ತೋಟಗಳಲ್ಲಿ ಸವರಿ ಬಿಸಾಡುವ ಟೊಂಗೆಗಳು ಸಿಗುತ್ತವೆ. ಬಿದಿರು ಬೆಳೆದುಕೊಂಡವರಿದ್ದಾರೆ. ಎಲ್ಲೆಡೆ ಹಬ್ಬುವ ಬಳ್ಳಾರಿ ಜಾಲಿಯನ್ನು ಕಡಿದರೆ ಹೊಲಕ್ಕೂ ಉಪಕಾರ. ಹುಣಸೆ, ಜಾಲಿಯ ಟೊಂಗೆಗಳು ಗಟ್ಟಿ, ಹಲವು ವರ್ಷ ನೀರಿನಲ್ಲಿ ಬಾಳುತ್ತವೆ. ಮಾವು ಬೇಗ ಕೊಳೆಯುತ್ತದೆ, ಒಂದೆರಡು ಮಳೆಗಾಲಕ್ಕಷ್ಟೇ ಸರಿ. ಬಿದಿರಿನ ಗಣ್ಣುಗಳ ನಡುವೆ ಗಾಳಿ ತುಂಬಿರುವುದರಿಂದ ಪ್ರತಿ ಅಂತರಕ್ಕೂ ತೂತು ಕೊರೆಯದಿದ್ದರೆ ಅದು ಕಲ್ಲಿನ ಸಮೇತ ಮೇಲೇಳಲು ನೋಡುತ್ತದೆ.

ಸೀಮೆಯಲ್ಲಿ ಗೋವಿನಜೋಳದ ದಂಟು ರಾಶಿ ರಾಶಿ ಸಿಗುತ್ತದೆ. ಅದನ್ನೇ ಕೆರೆಗೆ ಹಾಕೋಣ ಎಂಬ ಆಸೆ ಸಹಜ. ಆದರೆ ಮೆತ್ತನೆಯ ದಂಟು, ಹಸಿ ಎಲೆ, ಹುಲ್ಲು ನೀರಿನಲ್ಲಿ ಬೇಗ ಕೊಳೆಯುತ್ತವೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತವೆ. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಹೇಗೂ ಕಡಿಮೆ. ಮೋಡ ಮುಸುಕಿದ ನಾಲ್ಕು ದಿನ ಅದಕ್ಕೆ ಸೇರಿದರೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತವೆ. ಮಂಗಳೂರಿನ ಪ್ರಯೋಗದಲ್ಲಿ ಕಬ್ಬಿನ ಸಿಪ್ಪೆಯನ್ನು ಅಳೆದು ಇಳಿಬಿಟ್ಟು, ನೀರನ್ನು ಪರೀಕ್ಷಿಸುತ್ತಿದ್ದರು. ಊರಿನ ಕೆರೆಗೆ ಬಂಡಿಗಟ್ಟಲೆ ಸುರಿಯುವುದಕ್ಕೆ ಆ ಪ್ರಯೋಗದ ಬೆಂಬಲವಿಲ್ಲ. ಆದ್ದರಿಂದ ಎಲೆ ಉದುರಿಸಿ, ಕೆಲವು ವಾರ ಬಿಸಿಲಿಗೆ ಒಣಗಿಸಿದ, ಹೆಬ್ಬೆರಳಿನಿಂದ ಮುಂಗೈ ದಪ್ಪದವರೆಗಿನ ಗಟ್ಟಿ ಟೊಂಗೆಗಳನ್ನೇ ಆರಿಸಬೇಕು. ಬೇವಿನ ಹಸಿ ಸೊಪ್ಪು, ಕಳ್ಳಿ ಜಾತಿಯ ಹಾಲು ಬರುವ ಗಿಡ, ಎಣ್ಣೆಬಣ್ಣ ಬಳಿದ ಕಟ್ಟಿಗೆ, ಔಷಧಿ ಡಬ್ಬಿ, ಹಳೆಯ ಟೈರು ಇವು ಯಾವುದೂ ಕೆರೆಗೆ ಬೇಡ.

ಕಟ್ಟುವುದು, ಬಿಗಿಯುವುದು

ನಮ್ಮ ಕೆರೆಗಳಿಗೆ ಜಲಾಶಯಗಳಿಗಿಲ್ಲದ ಒಂದು ಅನುಕೂಲವಿದೆ. ಬೇಸಿಗೆಯಲ್ಲಿ ಅಂಗಳ ಬಯಲಾಗುವುದರಿಂದ ತೆಪ್ಪದಿಂದ ಎಸೆಯುವ ಪಾಡಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನೆಲದ ಮೇಲೆ ನಿಂತೇ ಅಗೆದು, ನೆಟ್ಟು, ಕಟ್ಟಿ ಮುಗಿಸಬಹುದು. ಭಾರ ಕಟ್ಟಿ ಮುಳುಗಿಸುವುದಕ್ಕಿಂತ ಗೂಟ ಹುಗಿದು ಬಿಗಿಯುವುದೇ ಇಲ್ಲಿ ಒಳ್ಳೆಯದು. ಮೂರ್ನಾಲ್ಕು ಗೂಟಗಳನ್ನು ಎರಡಡಿಗಿಂತ ಆಳಕ್ಕೆ ಹುಗಿದು, ಅವುಗಳ ನಡುವೆ ಟೊಂಗೆಗಳನ್ನು ಬುಡ ಕೆಳಗಾಗಿ ನಿಲ್ಲಿಸಿ, ಎರಡು ಕಡೆ ಹಗ್ಗ ಸುತ್ತಿ ಬಿಗಿದರೆ ಒಂದು ಗುಂಪು ಸಿದ್ಧ. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ಹಸಿಯಾದಾಗ ಹಿಗ್ಗಿ ಗೂಟವನ್ನು ಹಿಡಿಯುತ್ತದೆ. ಬಿರುಕಿನಲ್ಲಿ ಗೂಟ ಸಡಿಲವಾಗದಂತೆ ಗುಂಡಿಗೆ ಗರಸು ತುಂಬಿ ಬಡಿಯಬೇಕು. ಹಾನಗಲ್ಲ, ಹಿರೇಕೆರೂರಿನ ಮಸಾರಿ ನೆಲದಲ್ಲಿ ಹಾರೆ ಇಳಿಯುವುದು ಕಷ್ಟವಾದರೂ ಒಮ್ಮೆ ನೆಟ್ಟ ಗೂಟ ಕದಲುವುದಿಲ್ಲ.

ನೀರು ಪೂರ್ತಿ ಇಳಿಯದ ಕೆರೆಯಲ್ಲಿ ಭಾರ ಕಟ್ಟಲೇಬೇಕು. ಇಲ್ಲಿ ಅಂದಾಜಿಗಿಂತ ಲೆಕ್ಕ ಒಳ್ಳೆಯದು. ಒಣ ಕಟ್ಟಿಗೆ ನೀರಿಗಿಂತ ಹಗುರ. 20 ಕೆಜಿ ಕಟ್ಟಿಗೆ ಪೂರ್ತಿ ಮುಳುಗಿದಾಗ ಸುಮಾರು 33 ಲೀಟರ್ ನೀರನ್ನು ಸರಿಸುತ್ತದೆ, ಅಂದರೆ ಸುಮಾರು 13 ಕೆಜಿಯಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಕಲ್ಲೂ ನೀರಿನಲ್ಲಿ ಹಗುರಾಗುತ್ತದೆ. ಒಂದು ಕೆಜಿ ಕಗ್ಗಲ್ಲು ನೀರೊಳಗೆ ಸುಮಾರು 620 ಗ್ರಾಮಿನಷ್ಟೇ ಎಳೆಯುತ್ತದೆ. ಹಾಗಾಗಿ 13 ಕೆಜಿಯ ಒತ್ತಡವನ್ನು ಸರಿದೂಗಿಸಲಿಕ್ಕೇ 21 ಕೆಜಿ ಕಲ್ಲು ಬೇಕು. ಕಟ್ಟಿಗೆಯ ತೂಕದಷ್ಟೇ ಕಲ್ಲು ಕಟ್ಟಿದರೆ ಅದು ತೇಲದೆ ಮುಳುಗದೆ ತೂಗಾಡುತ್ತದೆ. ಗಾಳಿ, ಅಲೆ, ಕೋಡಿಯ ಸೆಳೆತ ತಡೆಯಬೇಕಾದರೆ ತೂಕದ ಎರಡರಷ್ಟು, ಬಿದಿರಿಗಾದರೆ ಇನ್ನೂ ಹೆಚ್ಚು ಭಾರ ಬೇಕು. ಮರಳುಚೀಲವಾದರೂ ಲೆಕ್ಕ ಹೆಚ್ಚುಕಡಿಮೆ ಇದೇ. ಆದರೆ ಸಿಮೆಂಟಿನ ಖಾಲಿ ಚೀಲ ಬಿಸಿಲಿಗೆ ಪುಡಿಯಾಗಿ ಮರಳು ಸೋರಿಬಿಡುತ್ತದೆ, ಅದರ ಎಳೆಗಳು ಕೆರೆಯಲ್ಲೇ ಉಳಿಯುತ್ತವೆ. ನಡುವೆ ಕಚ್ಚು ಇರುವ ಸೈಜುಗಲ್ಲು ಸಿಕ್ಕರೆ ಅದಕ್ಕೆ ಸಮ ಇನ್ನೊಂದಿಲ್ಲ.

ಕಲ್ಲನ್ನು ಟೊಂಗೆಯ ಬುಡಕ್ಕೆ ಬಿಗಿಯಬೇಕು. ಆಗ ರೆಂಬೆಗಳು ಮೇಲಕ್ಕೆ ಹರಡಿ ನಿಲ್ಲುತ್ತವೆ. ತುದಿಗೆ ಕಟ್ಟಿದರೆ ಕಂತೆ ಮಗುಚಿ ಹೂಳಿನಲ್ಲಿ ಹೂತುಹೋಗುತ್ತದೆ. ಕಬ್ಬಿಣದ ತಂತಿ ತುಕ್ಕು ಹಿಡಿದು ಕಡಿಯುತ್ತದೆ, ಉಳಿದ ತುಂಡು ಕಾಲಿಗೆ ಚುಚ್ಚುತ್ತದೆ. ತೆಂಗಿನ ನಾರಿನ ದಪ್ಪ ಹಗ್ಗ ಒಂದೆರಡು ವರ್ಷ ತಡೆಯುತ್ತದೆ, ಅಷ್ಟರಲ್ಲಿ ಕಟ್ಟಿಗೆ ನೀರು ಕುಡಿದು ತಾನೇ ತಳ ಸೇರುತ್ತದೆ. ನೈಲಾನ್ ಹಗ್ಗ ಹೆಚ್ಚು ಬಾಳುತ್ತದೆ, ಬಳಸಿದರೆ ಕಂತೆ ತೆಗೆಯುವಾಗ ಹಗ್ಗವನ್ನೂ ತೆಗೆಯುವ ಹೊಣೆ ಹೊರಬೇಕು. ಪ್ರತಿ ಗುಂಪಿಗೂ ನೀರಿನ ಮೇಲೆ ಕಾಣುವ ಗೂಟ ಅಥವಾ ಬೆಂಡಿನ ಗುರುತು ಕಡ್ಡಾಯ. ಗುರುತಿಲ್ಲದ ಕಂಟಿ ಬಲೆಯನ್ನೂ ಹರಿಯುತ್ತದೆ, ಈಜುವ ಹುಡುಗರ ಜೀವಕ್ಕೂ ಸಂಚಕಾರ.

ಎಲ್ಲಿ ಇಡಬಾರದು

ಏರಿಯ ಕೆಳಗೆ, ತೂಬಿನ ಹತ್ತಿರ, ಕೋಡಿಯ ದಾರಿಯಲ್ಲಿ ಕಂಟಿ ಬೇಡವೇ ಬೇಡ. ಬಿಚ್ಚಿಕೊಂಡ ಒಂದು ಟೊಂಗೆ ತೂಬಿಗೆ ಸಿಕ್ಕಿಕೊಂಡರೆ ಅಚ್ಚುಕಟ್ಟಿನ ರೈತನ ನೀರು ನಿಲ್ಲುತ್ತದೆ. ಕೋಡಿ ಕಟ್ಟಿಕೊಂಡರೆ ಏರಿಗೇ ಅಪಾಯ. ಕೆರೆ ಮೊದಲು ಹೊಲದ್ದು, ಆಮೇಲೆ ಮೀನಿನದು. ದನ ಇಳಿಯುವ ದಾರಿ, ಬಟ್ಟೆ ಒಗೆಯುವ ಕಟ್ಟೆ, ಗಣಪತಿ ಬಿಡುವ ಜಾಗ, ಅಂಗಳದಲ್ಲಿ ಕಡಲೆ-ತರಕಾರಿ ಬೆಳೆಯುವ ಅಂಚು, ಹೂಳೆತ್ತಲು ಟ್ರ್ಯಾಕ್ಟರ್ ಇಳಿಯುವ ಹಾದಿ ಇವನ್ನೆಲ್ಲ ಬಿಟ್ಟು ಉಳಿದ ಜಾಗದಲ್ಲಿ ಮಾತ್ರ ಹಾಕಬೇಕು. ಕುಡಿಯುವ ನೀರಿನ ಕೆರೆಯಾದರೆ ಈ ಪ್ರಯೋಗವೇ ಬೇಡ.

ಮುಳ್ಳಿನ ಮಾತು ಬೇರೆಯೇ. ಕಳ್ಳಬಲೆ ತಡೆಯಲು ಕೆರೆಯಲ್ಲಿ ಮುಳ್ಳುಕಂಟಿ ಹಾಕುವುದು ದೇಶದ ಹಲವು ಕಡೆ ಇರುವ ರೂಢಿ. ರಾತ್ರಿ ಬಂದು ಎಳೆಯುವವನ ಬಲೆ ಹರಿಯುವುದರಿಂದ ಅದು ಕಾವಲುಗಾರನ ಕೆಲಸ ಮಾಡುತ್ತದೆ. ಆದರೆ ಜಾಲಿಮುಳ್ಳು ಹೂಳಿನಲ್ಲಿ ವರ್ಷಗಟ್ಟಲೆ ಉಳಿದು, ನೀರಿಳಿದ ಮೇಲೆ ಎತ್ತಿನ ಗೊರಸಿಗೆ, ಮಕ್ಕಳ ಪಾದಕ್ಕೆ ನಾಟುತ್ತದೆ. ಸದಾ ನೀರಿರುವ ಆಳದ ಗುಂಡಿಗೆ ಮಾತ್ರ ಮುಳ್ಳು ಇರಲಿ. ಬಯಲಾಗುವ ಅಂಗಳಕ್ಕೆ ಮುಳ್ಳು ಸವರಿದ ಟೊಂಗೆಯೇ ಆಗಬೇಕು.

ಎಷ್ಟು ಹಾಕಬೇಕು ಎಂಬಲ್ಲಿ ನನ್ನ ಸಲಹೆ ಹಿಂಜರಿಕೆಯ ಕಡೆಗೇ ವಾಲುತ್ತದೆ. ಮೊದಲ ವರ್ಷ ನೀರು ಹರಡುವ ಜಾಗದ ನೂರರಲ್ಲಿ ಎರಡು ಪಾಲನ್ನು ಮೀರದಂತೆ, ನಾಲ್ಕಾರು ಚಿಕ್ಕ ಗುಂಪುಗಳಾಗಿ, ಬೇರೆ ಬೇರೆ ಆಳದಲ್ಲಿ ಹಂಚಿ ಹಾಕಿ ನೋಡಬೇಕು. ಆಗ ನೀರು ಇಳಿದಂತೆಲ್ಲ ಯಾವುದಾದರೂ ಒಂದು ಗುಂಪು ಮೀನಿಗೆ ಒದಗುತ್ತದೆ. ಇಡೀ ಕೆರೆಯನ್ನು ಕಂಟಿಯಿಂದ ತುಂಬಿದರೆ ಎಳೆಬಲೆಗೆ ಜಾಗ ಉಳಿಯುವುದಿಲ್ಲ, ಹೂಳೂ ಬೇಗ ನಿಲ್ಲುತ್ತದೆ.

ಬಲೆಯ ಹಿಡಿತ ಯಾರ ಕೈಯಲ್ಲಿ

ದೊಡ್ಡ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ, ಊರಿನ ಸಣ್ಣ ಕೆರೆಗಳದ್ದನ್ನು ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುವುದು ರೂಢಿ. ಮೀನುಗಾರರ ಸಹಕಾರ ಸಂಘಗಳಿವೆ, ಹರಾಜಿನಲ್ಲಿ ಕೂಗಿ ಹಿಡಿಯುವ ಖಾಸಗಿಯವರೂ ಇದ್ದಾರೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡದಾನಪುರ ಇರುವುದು ಇದೇ ಜಿಲ್ಲೆಯ ತುಂಗಭದ್ರೆಯ ದಡದಲ್ಲಿ. ತಲೆತಲಾಂತರದಿಂದ ನೀರನ್ನೇ ನಂಬಿದ ಗಂಗಾಮತಸ್ಥ, ಅಂಬಿಗ ಕುಟುಂಬಗಳಿಗೆ ಕೆರೆಯ ತಳದ ಏರಿಳಿತ, ಮೀನಿನ ಓಡಾಟ ಯಾವ ನಕ್ಷೆಯ ನೆರವೂ ಇಲ್ಲದೆ ಗೊತ್ತು. ಕಂಟಿ ಎಲ್ಲಿ ಇಡಬೇಕೆಂದು ಮೊದಲು ಕೇಳಬೇಕಾದದ್ದು ಇವರನ್ನು.

ಗುತ್ತಿಗೆಯ ಅವಧಿ ಚಿಕ್ಕದಾದಷ್ಟೂ ಕಂಟಿಗೆ ಬೆಲೆ ಕಡಿಮೆ. ಮುಂದಿನ ವರ್ಷ ಕೆರೆ ತನ್ನದಾಗಿರುತ್ತದೆಂಬ ಖಾತ್ರಿಯಿಲ್ಲದವನು ಮರಿಗೆ ಆಸರೆ ಮಾಡುವ ಬದಲು ಇದ್ದದ್ದನ್ನು ಬಾಚುವ ದಾರಿ ಹುಡುಕುತ್ತಾನೆ. ಅವನ ಕೈಯಲ್ಲಿ ಕಂಟಿ ಎಂದರೆ ಸುತ್ತುಬಲೆ ಹಾಕಲು ಗುರುತಿಟ್ಟ ಜಾಗ. ಹಲವು ವರ್ಷದ ಹಕ್ಕಿರುವ ಸಂಘಕ್ಕೆ ಅದೇ ಕಂಟಿ ಮುಂದಿನ ವರ್ಷದ ಬಿತ್ತನೆಯ ಉಳಿತಾಯ.

ಹಾನಗಲ್ಲಿಗೆ ಹತ್ತಿದ ಸೊರಬ, ಸಾಗರ, ಸಿದ್ದಾಪುರದ ಸೀಮೆಯಲ್ಲಿ ಕೆರೆಬೇಟೆ ಎಂಬ ಹಬ್ಬದಂಥ ಪದ್ಧತಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಊರು ಒಂದು ದಿನ ಗೊತ್ತುಮಾಡುತ್ತದೆ. ಆ ದಿನ ಜನ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಕೆರೆಗೆ ಇಳಿಯುತ್ತಾರೆ. ಆ ದಿನಕ್ಕೆ ಮುಂಚೆ ಯಾರೂ ಇಳಿಯುವಂತಿಲ್ಲ. ಕಂಟಿಗೆ ಬೇಕಾದದ್ದು ಇಂಥದೇ ಒಪ್ಪಂದ. ಮರಿ ಬಿಟ್ಟ ದಿನದಿಂದ ಕನಿಷ್ಠ ನಾಲ್ಕು ತಿಂಗಳು ಗುಂಪುಗಳ ಹತ್ತಿರ ಬಲೆ-ಗಾಳ ನಿಷೇಧ, ಮಳೆಗಾಲದಲ್ಲಿ ಮೊಟ್ಟೆಯಿಡುವ ಹೊತ್ತಿನಲ್ಲಿ ಪೂರ್ತಿ ಬಿಡುವು, ಹಿಡಿಯುವಾಗ ಮರಿ ನುಸುಳಿ ಹೋಗುವಷ್ಟು ಅಗಲದ ಕಣ್ಣಿನ ಬಲೆ, ಕೊನೆಗೆ ಒಂದೆರಡು ಗುಂಪನ್ನು ಮುಟ್ಟದೆ ಬಿಡುವುದು. ಈ ನಾಲ್ಕು ನಿಯಮಗಳನ್ನು ಗ್ರಾಮಸಭೆಯಲ್ಲಿ ಒಪ್ಪಿ, ಗುತ್ತಿಗೆಯ ಕರಾರಿನಲ್ಲೇ ಬರೆಸಬೇಕು.

ಕೆರೆಯ ಹೂಳೆತ್ತಲು ಉದ್ಯೋಗ ಖಾತ್ರಿ ಯೋಜನೆ ಬಂತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಬಂತು. ವರದೆಯ ನೀರನ್ನು ಏತದಿಂದ ಕೆರೆಗಳಿಗೆ ತುಂಬಿಸುವ ಕಾಮಗಾರಿಗಳೂ ಬಂದವು. ಇವೆಲ್ಲ ಕೆರೆಯನ್ನು ನೀರಿನ ಪಾತ್ರೆಯಾಗಿ ಸರಿಪಡಿಸಿವೆ. ಆ ನೀರಿನೊಳಗೆ ಬದುಕುವ ಜೀವಕ್ಕೆ ಏನು ಬೇಕು ಎಂಬುದು ಇನ್ನು ಮುಂದಿನ ಅಂದಾಜುಪಟ್ಟಿಗಳಲ್ಲಿ ಸೇರಬೇಕು. ಹೂಳೆತ್ತುವಾಗ ನಾಲ್ಕು ಆಳದ ಗುಂಡಿಗಳನ್ನು ಉಳಿಸಿ, ಅವುಗಳ ಬದಿಯಲ್ಲಿ ಕಂಟಿಯ ಗೂಟ ನೆಡುವುದಕ್ಕೆ ತಗಲುವ ಖರ್ಚು ಯಂತ್ರದ ಬಾಡಿಗೆಯ ಮುಂದೆ ಏನೂ ಅಲ್ಲ.

ಶುರು ಮಾಡುವ ದಾರಿಯೂ ಸರಳವಿದೆ. ಪ್ರತಿ ತಾಲ್ಲೂಕಿನಲ್ಲಿ ಅಕ್ಕಪಕ್ಕದ, ಒಂದೇ ಬಗೆಯ ಎರಡು ಕೆರೆಗಳನ್ನು ಆರಿಸಿ, ಎರಡಕ್ಕೂ ಒಂದೇ ದಿನ ಒಂದೇ ಲೆಕ್ಕದಲ್ಲಿ ಮರಿ ಬಿಟ್ಟು, ಒಂದರಲ್ಲಿ ಮಾತ್ರ ಕಂಟಿ ಹಾಕಬೇಕು. ಹಿಡಿದ ಮೀನಿನ ಜಾತಿ, ಎಣಿಕೆ, ತೂಕವನ್ನು ಸಂಘದ ಪುಸ್ತಕದಲ್ಲಿ ಬರೆದಿಡಬೇಕು. ಇಲಾಖೆಯ ಅಧಿಕಾರಿಗಳು, ಕಾಲೇಜಿನ ವಿದ್ಯಾರ್ಥಿಗಳು ಕೈಜೋಡಿಸಿದರೆ ಎರಡು-ಮೂರು ಹಂಗಾಮಿನಲ್ಲಿ ಎರೆಕೆರೆಗೂ ಮಸಾರಿ ಕೆರೆಗೂ ನಮ್ಮದೇ ಉತ್ತರ ಸಿಗುತ್ತದೆ. ಬರುವ ಮೇ ತಿಂಗಳಲ್ಲಿ ಅಂಗಳ ಬಯಲಾದಾಗ ಗೂಟ ಹುಗಿಯಲು ಹೊರಡುವ ಊರು ಅದಕ್ಕೂ ಮೊದಲು ಒಂದು ಕೆಲಸ ಮಾಡಬೇಕು. ಪಂಚಾಯಿತಿ, ಸಂಘ, ಅಚ್ಚುಕಟ್ಟಿನ ರೈತರು ಒಟ್ಟಿಗೆ ಕೂತು ಬಲೆಯ ನಿಯಮವನ್ನು ಬರೆದುಕೊಳ್ಳಬೇಕು. ಆ ನಿಯಮ ಗಟ್ಟಿಯಾಗಿದ್ದರೆ ಕಲ್ಲು, ಹಗ್ಗ, ಟೊಂಗೆಗಳ ಕೆಲಸ ಒಂದು ವಾರದ್ದು.